ಮಗಳು ಹೇಳಿದ ಸಫ್ರಾನ್‌ಬೋಲು

ಕುವೈತಿನ ಅಬ್ಬಾಸಿಯಾದಲ್ಲಿ ನಡೆದ ಕನ್ನಡ ಭಾಷಣ ಸ್ಪರ್ಧೆಯಲ್ಲಿ, ‘ನನ್ನ ಇಷ್ಟದ ಊರು’ ಎಂಬ ವಿಷಯಕ್ಕೆ ಮೈಕ್ ಹಿಡಿದ ನನ್ನ ಹತ್ತು ವರ್ಷದ ಮಗಳು ಮಾತೇ ಹೊರಡದೆ ನಿಂತುಬಿಟ್ಟಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು. ಅಷ್ಟರಲ್ಲಿ ಅವಳ ಕಣ್ಣು, ದಿನಾ ತಮ್ಮೂರಿನ ಕಥೆ ಹೇಳುತ್ತಿದ್ದ ಪಕ್ಕದ ಫ್ಲ್ಯಾಟಿನ ಟರ್ಕಿ ಅಜ್ಜಿಯ ಮೇಲೆ ಬಿತ್ತು; ಅವರು ನಮ್ಮ ಜೊತೆ ಬಂದು ಸಭೆಯಲ್ಲಿ ಕುಳಿತಿದ್ದರು.

“ನಮ್ಮ ಅಜ್ಜಿ ಊರು ಸಫ್ರಾನ್‌ಬೋಲು. ಹಿಂದಕ ಅಲ್ಲಿ ಒಂಟಿ ಮ್ಯಾಲೆ ವ್ಯಾಪಾರಿಗಳು ಬರ್ತಿದ್ರು. ಕಮ್ಮಾರರ ಓಣ್ಯಾಗ ಈಗೂ ಸುತ್ತಿಗಿ ಸಪ್ಪಳ ಕೇಳ್ತದ. ಊರ ಹತ್ರ ದೊಡ್ಡ ಗವಿ ಅದ!”

ಥೇಟ್ ನಮ್ಮ ಧಾರವಾಡದ ಮಾತು! ಊರಿನ ಹೆಸರೊಂದೇ ಅರ್ಥವಾದ ಅಜ್ಜಿ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಸಭೆಯೆಲ್ಲ ಎದ್ದಿತು.

ಮೊದಲ ಬಹುಮಾನ ಅವಳಿಗೇ ಬಂತು. ಮಗಳಿಗೆ ಕನ್ನಡ ಕಲಿಸಲಾಗಲಿಲ್ಲವೆಂಬ ನನ್ನ ಕೊರಗು ಅಂದೇ ಮುಗಿಯಿತು.