ಅಮ್ಮನ ಫೋಟೋ ದೊಡ್ಡದಾದ ಬಗೆ

ಶುಭನುಡಿ ಎಂಬುದು ಜೊತೆಯವರು ಅವನಿಗೆ ಇಟ್ಟ ಅಡ್ಡಹೆಸರು. ಡಬ್ಬಿಯಲ್ಲಿ ಸಕ್ಕರೆ ಮುಗಿದರೆ 'ತುಂಬಿದೆ' ಎನ್ನುವ, ದೀಪ ಆರಿಸಬೇಕಾದರೆ 'ದೊಡ್ಡದು ಮಾಡು' ಎನ್ನುವ, ಹೊರಟು ನಿಂತವರು 'ಬರ್ತೀನಿ' ಎನ್ನುವ ಮನೆಗಳು ಬೇಕಾದಷ್ಟಿವೆ. ಆದರೆ ಇವನ ನಾಲಿಗೆಯ ಮೇಲೆ ಕೆಟ್ಟ ಮಾತೊಂದು ಕಾಲಿಟ್ಟರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಿತ್ತು. ಹಲ್ಲು ಕೀಳಿಸಿಕೊಂಡು ಬಂದ ದಿನ ಕೂಡ 'ಬಾಯಿ ವಿಶಾಲವಾಯಿತು' ಎಂದೇ ಹೇಳಿದ್ದ.

ಹೊಟ್ಟೆಪಾಡಿಗೆ ಕೈಪಿಡಿ ಬರೆಯುತ್ತಿದ್ದ. ಕುಕ್ಕರಿನ ಕೈಪಿಡಿಯಲ್ಲಿ 'ಸಿಡಿದರೆ' ಎಂದು ಬರೆಯಲು ಮನಸ್ಸು ಬಾರದೆ 'ಕುಕ್ಕರು ಸಂತೋಷ ತಡೆಯಲಾರದೆ ಮೇಲೆದ್ದರೆ' ಎಂದು ಬರೆದ. ಊರಿನ ಅರ್ಧ ಅಡುಗೆಮನೆಗಳ ಸೂರಿನಲ್ಲಿ ಆ ಸಂತೋಷದ ಮುಚ್ಚಳಗಳು ಇವತ್ತಿಗೂ ಕಚ್ಚಿಕೊಂಡಿವೆ. ಮಳೆ ಬಂದಾಗ ಸೋರುವುದು ನಿಂತಿದೆಯೆಂದು ಜನ ಅವನನ್ನು ಕ್ಷಮಿಸಿದರು, ಕಂಪನಿ ಕ್ಷಮಿಸಲಿಲ್ಲ.

ಆಮೇಲೆ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕಾಪಾಡುವ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಆಗಷ್ಟೇ ಎಐ ಏಜೆಂಟ್ ಬಂದಿತ್ತು. ಬಾಯಲ್ಲಿ ಹೇಳಿದರೆ ಸಾಕು. ಯಾವ ಕೆಲಸಕ್ಕೆ ಯಾವ ಸಾಧನವೆಂದು ವಿವರಣೆ ಓದಿಕೊಂಡು ತಾನೇ ಮಾಡಿ ಮುಗಿಸುತ್ತಿತ್ತು. ಫೈಲ್ ಅಳಿಸುವ ಸಾಧನಗಳಿಗೆ ವಿವರಣೆ ಬರೆಯುವ ಕೆಲಸವನ್ನು ಒಡತಿ ಶುಭನುಡಿಗೆ ವಹಿಸಿದಳು. ಒಂದು ಸಾಧನ ಫೈಲನ್ನು ಕಸದ ಬುಟ್ಟಿಗೆ ಹಾಕುವುದು. ಇನ್ನೊಂದು ಬುಟ್ಟಿಯನ್ನೇ ಖಾಲಿ ಮಾಡುವುದು. ಅದಾದ ಮೇಲೆ ದೇವರು ಬಂದು ಹುಡುಕಿದರೂ ಚೂರೂ ಸಿಗದು.

"ಬಿಡಿಸಿ ಬರೀರಿ," ಎಂದಳು ಒಡತಿ. "ಅದು ಓದಿದ್ದನ್ನೇ ನಂಬುತ್ತೆ. ನಿಮ್ಮ ಮುಖ ನೋಡಿ ಅರ್ಥ ಮಾಡ್ಕೊಳ್ಳಲ್ಲ."

'ಅಳಿಸು' ಎಂದು ಬರೆಯಹೊರಟ ಶುಭನುಡಿ ಬೆರಳನ್ನು ಹಿಂದಕ್ಕೆಳೆದುಕೊಂಡ. ಅಳು ಒಳಗೇ ಕೂತಿರುವ ಪದ! ಮೊದಲನೆಯದಕ್ಕೆ 'ಇದು ಫೈಲನ್ನು ದೊಡ್ಡದು ಮಾಡುತ್ತದೆ' ಎಂದೂ ಎರಡನೆಯದಕ್ಕೆ 'ಇದು ಬುಟ್ಟಿಯನ್ನು ತುಂಬಿಸುತ್ತದೆ' ಎಂದೂ ಬರೆದು ನಿಟ್ಟುಸಿರು ಬಿಟ್ಟ. ಒಡತಿ ಕಾಗುಣಿತ ಮಾತ್ರ ನೋಡಿ ಒಪ್ಪಿಗೆ ಕೊಟ್ಟಳು. ಏಜೆಂಟು ಅದನ್ನು ವೇದವಾಕ್ಯದಂತೆ ನುಂಗಿಕೊಂಡಿತು.

ಆ ವಾರವೇ ಅವನ ಅಕ್ಕ ಸ್ಟುಡಿಯೋಗೆ ಬಂದಳು. ತೀರಿಕೊಂಡ ಅಮ್ಮನದೆಂದು ಉಳಿದದ್ದು ಒಂದೇ ಫೋಟೋ. ಕಾಗದದ ಪ್ರತಿಯನ್ನು ಗೆದ್ದಲು ಮುಗಿಸಿತ್ತು. ಶುಭನುಡಿಯ ಲೆಕ್ಕದಲ್ಲಿ ಗೆದ್ದಲು ಅದನ್ನು 'ಆದರದಿಂದ ಸ್ವೀಕರಿಸಿತ್ತು'. ಸ್ಕ್ಯಾನ್ ಮಾಡಿಟ್ಟದ್ದೊಂದು ಸ್ಟುಡಿಯೋದ ಕಂಪ್ಯೂಟರಿನಲ್ಲಿತ್ತು. ಅದನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಸಬೇಕೆಂಬುದು ಅಕ್ಕನ ಬಹುದಿನದ ಆಸೆ. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ತಮ್ಮ ಒಳಗೆ ಹೋದ.

"ಅಮ್ಮನ ಫೋಟೋ ದೊಡ್ಡದು ಮಾಡಪ್ಪ," ಎಂದ ಏಜೆಂಟಿಗೆ.

"ಮಾಡಿದೆ. ಜಾಗವೂ ಉಳಿಯಿತು," ಎಂದಿತು ಅದು.

ದೊಡ್ಡದಾದರೂ ಜಾಗ ಉಳಿಯುವ ವಿಜ್ಞಾನಕ್ಕೆ ತಲೆದೂಗುತ್ತ ಶುಭನುಡಿ ಫೋಲ್ಡರ್ ತೆರೆದ. ಅಮ್ಮ ಇದ್ದ ಜಾಗದಲ್ಲಿ ಬರೀ ಜಾಗವಿತ್ತು.

"ಎಷ್ಟು ದೊಡ್ಡದಾಯ್ತೋ?" ಹೊರಗಿನಿಂದ ಅಕ್ಕ ಕೇಳಿದಳು.

"ಕಣ್ಣಿಗೇ ಕಾಣದಷ್ಟು, ಅಕ್ಕ."

"ಗೋಡೆ ಸಾಲುತ್ತೆ ತಾನೆ?"

"ಗೋಡೆಗೇನೂ ತೊಂದರೆ ಇಲ್ಲ."

ಅಷ್ಟರಲ್ಲಿ ಏಜೆಂಟು ತನ್ನ ಸಂಜೆಯ ಕೆಲಸ ನೆನಪಿಸಿಕೊಂಡಿತು. "ಬುಟ್ಟಿ ತುಂಬಿಸಲೇ?" ಎಂದು ಕೇಳಿತು.

ಶುಭನುಡಿ ಹುಟ್ಟಿದಾಗಿನಿಂದ ಯಾರಿಗೂ 'ಬೇಡ' ಎಂದವನಲ್ಲ. ತೊಟ್ಟಿಲಲ್ಲಿ ಕಹಿ ಔಷಧಿ ಕುಡಿಸಿದಾಗಲೂ ನಕ್ಕನಂತೆ. ಹೂಂ ಎನ್ನಲು ಬಾಯಿ ತೆರೆದ. ತೆರೆದ ಬಾಯಲ್ಲೇ ತಾನು ಬರೆದ ಸಾಲು ನೆನಪಾಯಿತು. ತುಂಬಿಸುವುದೆಂದರೆ ಖಾಲಿ ಮಾಡುವುದು; ಆ ಬುಟ್ಟಿಯಲ್ಲಿ ಅಮ್ಮನಿದ್ದಾಳೆ.

"ಬೇಡ," ಎಂದ. ದನಿ ಅವನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. "ಬುಟ್ಟಿ ಖಾಲಿ ಮಾಡಬೇಡ. ಅಮ್ಮನ ಫೋಟೋ ಅಳಿಸಿಹೋಗಿದೆ. ಬುಟ್ಟಿಯಿಂದ ಅದನ್ನ ಮೊದಲಿದ್ದ ಜಾಗಕ್ಕೆ ವಾಪಸ್ ತಾ."

ಹೊರಗೆ ಬೆಂಚು ಕಿರ್ರೆಂದಿತು. ಅಕ್ಕ ಬಾಗಿಲಿಗೆ ಬಂದು ನಿಲ್ಲುವುದಕ್ಕೂ ತೆರೆಯ ಮೇಲೆ ಅಮ್ಮ ಮೂಡುವುದಕ್ಕೂ ಸರಿಹೋಯಿತು. ಅಕ್ಕ ತಮ್ಮನ ಕಿವಿ ಹಿಡಿದು, ಫೋಟೋ ನಿಜಕ್ಕೂ ದೊಡ್ಡದಾಗಿ ಅಚ್ಚಾಗಿ ಹೊರಬರುವ ತನಕ ಬಿಡಲಿಲ್ಲ.

ಅಂದೇ ಶುಭನುಡಿ ವಿವರಣೆ ತಿದ್ದಿದ: 'ಇದು ಫೈಲನ್ನು ಕಸದ ಬುಟ್ಟಿಗೆ ಹಾಕುತ್ತದೆ. ಬುಟ್ಟಿ ಖಾಲಿಯಾಗುವ ತನಕ ವಾಪಸ್ ತರಬಹುದು.' ಅದರ ಕೆಳಗೆ: 'ಇದು ಬುಟ್ಟಿಯಲ್ಲಿರುವ ಎಲ್ಲವನ್ನೂ ಅಳಿಸುತ್ತದೆ. ಅಳಿಸಿದ್ದು ಮತ್ತೆ ಸಿಗುವುದಿಲ್ಲ. ಏನೇನು ಹೋಗುತ್ತದೆಂದು ಹೇಳಿ, ಒಪ್ಪಿಗೆ ಕೇಳಿ, ಆಮೇಲೆ ಮಾಡು.' ಬರೆದ ಮೇಲೆ ಸಿಡಿಲು ಬಡಿಯುತ್ತದೆಂದು ಮೇಜಿನ ಕೆಳಗೆ ಕೂತು ಕಾದ. ಬಡಿಯಲಿಲ್ಲ.

ಆ ಧೈರ್ಯ ಅವನ ತಲೆಗೇರಿತು. ಅಕ್ಕನ ಮನೆಯಲ್ಲಿ ಮೊಳೆ ಹೊಡೆದು ಅಮ್ಮನನ್ನು ನೇತುಹಾಕಿ, ಸಕ್ಕರೆ ಖಾಲಿಯಾಗಿದೆಯೆಂದು ಡಬ್ಬಿ ನೋಡಿ ಹೇಳಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡ.

"ಹೋಗ್ತೀನಿ, ಅಕ್ಕ," ಎಂದ.

"ಬರ್ತೀನಿ ಅನ್ನೋ," ಎಂದಳು ಅಕ್ಕ. "ನಾನೇನು ಮಿಷಿನ್ನಾ?"