ನೆರಳಿಲ್ಲದ ಹುಡುಗಿ, ಫ್ಯಾನಿನೊಳಗಿನ ಅಕ್ಷತೆ

ಶ್ರಾವಣದ ಒಂದು ಸೋಮವಾರ ನನ್ನ ಮಗಳು ಬೆಟ್ಟದ ಗುಡಿಯ ಮೆಟ್ಟಿಲ ಮೇಲೆ ಜಾರಿಬಿದ್ದು ಕಾಲು ಮುರಿದುಕೊಂಡಳು. ಮಳೆ ಬರುತ್ತಿದೆ, ಮುಂದಿನ ವಾರ ಹೋಗೋಣ ಎಂದಿದ್ದಳು. ಬರಿಗಾಲಲ್ಲಿ ಹತ್ತುವ ಹರಕೆ ನನ್ನದು, ಅವಳನ್ನು ಹಾಸಿಗೆಯಿಂದ ಎಬ್ಬಿಸಿ ಕರೆದೊಯ್ದವಳೂ ನಾನೇ. ತಲೆಗೆ ಪೆಟ್ಟಾಗಲಿಲ್ಲ, ಅಷ್ಟು ದೇವರ ದಯೆ. ಅಂದಿನಿಂದ ದೀಪ ಹಚ್ಚುವಾಗ ಇಂಥ ಸಣ್ಣ ದಯೆಗಳನ್ನು ಎಣಿಸುವುದು ರೂಢಿಯಾಯಿತು. ಎಣಿಸಿ ಮುಗಿಯದೆ ಕಡ್ಡಿ ಗೀರುತ್ತಿರಲಿಲ್ಲ.

ಆರು ವಾರಕ್ಕೆ ಪ್ಲಾಸ್ಟರ್ ತೆಗೆದರು. ಮೂಳೆ ಕೂಡಿದೆ, ಇನ್ನು ವಾಕರ್ ಹಿಡಿದು ನಡೆಸಿ, ತಡವಾದರೆ ಕೀಲು ಬಿಗಿಯುತ್ತದೆ ಎಂದರು ಡಾಕ್ಟರು. ಅವಳು ಕಾಲೂರಲಿಲ್ಲ. ಹದಿನೈದರ ಹುಡುಗಿ ಮಂಚದ ಅಂಚಿಗೆ ಬಂದು ಕೂಡುವಳು, ನೆಲ ನೋಡುವಳು, ಮತ್ತೆ ಕಾಲು ಮೇಲೆಳೆದುಕೊಳ್ಳುವಳು.

"ಜಾರತದವ್ವಾ."

ಒಣ ನೆಲ. ದಿನಕ್ಕೆ ಎರಡು ಸಲ ಒರೆಸಿ, ಮೇಲೆ ಒಣ ಬಟ್ಟೆಯನ್ನೂ ಆಡಿಸುತ್ತಿದ್ದೆ. ಹತ್ತು ದಿನ ಹೀಗೇ ಕಳೆಯಿತು. ಕೀಲು ಬಿಗಿಯುತ್ತದೆ ಎಂಬ ಮಾತು ಅನ್ನ ಬಸಿಯುವಾಗಲೂ ಕಿವಿಯಲ್ಲಿರುತ್ತಿತ್ತು.

ಅವಳು ಕೇಳಿದ್ದು ಒಂದೇ. "ಗೇಮ್ ಹಾಕಿಸಿಕೊಡು. ತಿರುಗಾಡೂವಂಥಾದ್ದು."

ಪುಣೆಯ ಬಿಬವೇವಾಡಿಯ ನಮ್ಮ ಮನೆಯ ಕಂಪ್ಯೂಟರ್ ಅವಳಿಗಿಂತ ಎರಡೇ ವರ್ಷ ಚಿಕ್ಕದು. ಬೆಳಿಗ್ಗೆ ಸ್ತೋತ್ರ ಕೇಳಲು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಎದುರು ಮನೆಯಲ್ಲಿ ಮೈಸೂರು ಕಡೆಯ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ, ವಿಮಾನ ನಗರದಲ್ಲಿ ಕಂಪ್ಯೂಟರ್ ಕೆಲಸ. ಕಂಪ್ಯೂಟರನ್ನು ಮಗಳ ಮಂಚದ ಪಕ್ಕಕ್ಕೆ ತಂದಿಟ್ಟು, ಆ ಹುಡುಗಿಯನ್ನೇ ಕರೆದೆ.

"ಆಂಟಿ, ಇದಕ್ಕೆ ಗ್ರಾಫಿಕ್ಸ್ ಕಾರ್ಡೇ ಇಲ್ಲ. ಹೊಸ ಓಪನ್ ವರ್ಲ್ಡ್ ಗೇಮ್ ಹಾಕಿದ್ರೆ ಉಸಿರೇ ನಿಂತೋಗುತ್ತೆ."

"ಹಂಗಂದ್ರ ಏನವಾ?"

"ಒಳಗೆ ಊರು, ಕಾಡು, ಹೊಳೆ ಎಲ್ಲಾ ಇರುತ್ತೆ. ಎಲ್ಲಿ ಬೇಕಾದ್ರೂ ಸುತ್ತಬಹುದು. ಅಷ್ಟೂ ಊರನ್ನ ಈ ಕಂಪ್ಯೂಟರ್ ಹೊರಬೇಕು. ಹಳೇ ಸಿಸ್ಟಮ್‌ಗೆ ಅದರ ವಯಸ್ಸಿನದೇ ಗೇಮ್ ಹುಡುಕೋಣ."

"ಜಾತಕ ಕೂಡಿಸಿಧಂಗ ಆತಲ್ಲ!" ಎಂದೆ. ಮಗಳು ನಕ್ಕಳು. ಅಂದಿನ ದಯೆ ಅದು.

ಮೊದಲನೆಯ ಜಾತಕ ಕೂಡಲಿಲ್ಲ. ಚಿತ್ರ ಮದುವೆ ಆಲ್ಬಮ್ ಮಗುಚಿದ ಹಾಗೆ ನಿಂತು ನಿಂತು ಬರುತ್ತಿತ್ತು. ಎರಡನೆಯದರಲ್ಲಿ ಒಂದು ಶಹರ. ಮಗಳು ಕಾರು ಹತ್ತಿದವಳೇ ಇಬ್ಬರನ್ನು ಕೆಡವಿದಳು.

"ಅಯ್ಯ, ಅವರನ್ನ ಯಾಕ ಗುದ್ದಿದಿ?"

"ರಾಂಗ್ ಸೈಡ್ ಬಂದ್ರವ್ವಾ, ನಮ್ಮ ಪುಣೆ ಮಂದಿಗತೆ."

ಅದನ್ನು ನಾನೇ ತೆಗೆಸಿದೆ. ಮೂರನೆಯದು ಹಳೆಯ ಆಟ. ಗುಡ್ಡ, ಕೆರೆ, ಒಂಟಿಯಾಗಿ ನಡೆಯುವ ಹುಡುಗಿ. ಹುಲ್ಲು ತೆಗೆದು, ದೂರದ ಗುಡ್ಡಗಳಿಗೆ ಮಂಜು ಮುಸುಕಿ, ನೆರಳು ಆರಿಸಿದ ಮೇಲೆ ಅದು ಸರಾಗವಾಗಿ ಓಡಿತು. ಮಗಳು ನಡೆಸುತ್ತ ಹೋದಳು. ನನಗೆ ಮಾತ್ರ ಸಮಾಧಾನವಿಲ್ಲ.

"ಹಾಡಹಗಲ ಬಿಸಿಲಾಗ ನಡಿಯಾಕತ್ತಾಳ, ಆಕೀ ನೆರಳ ಎಲ್ಲದ?"

"ಲೋ ಸೆಟ್ಟಿಂಗ್‌ನಾಗ ನೆರಳ ಇರೂದಿಲ್ಲವ್ವಾ."

ನೆರಳಿಲ್ಲದೆ ನಡೆಯುವವರು ಮನುಷ್ಯರಲ್ಲ ಎಂದು ಕೇಳಿ ಬೆಳೆದವಳು ನಾನು. ಎದ್ದು ದೇವರ ದೀಪಕ್ಕೆ ಎಣ್ಣೆ ಹಾಕಿ ಬಂದೆ. ಆದರೆ ಹತ್ತು ನಿಮಿಷಕ್ಕೆ ಕಂಪ್ಯೂಟರ್ ಗೊರಗೊರ ಎಂದು ಬಂದ್ ಆಯಿತು. ಮತ್ತೆ ಹಚ್ಚಿದರೆ ಮತ್ತೆ ಹತ್ತೇ ನಿಮಿಷ. ನಾಲ್ಕು ದಿನವೂ ಆ ಹುಡುಗಿ ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು. ನಾಲ್ಕನೆಯ ದಿನ ಮಗಳು ಮೌಸ್ ದೂಡಿದಳು.

"ನಾ ಕಾಲಿಟ್ಟಲ್ಲೆ ಹಿಂಗ ಆಗತದ. ವಾಕರ್ ತಗದ ಇಡು. ನಾ ನಡಿಯೂದಿಲ್ಲ."

ವಾಕರ್ ತೆಗೆದಿಡಲು ನನ್ನ ಕೈ ಏಳಲಿಲ್ಲ. ಭಾನುವಾರ ಎದುರು ಮನೆಯವಳು ಸ್ಕ್ರೂಡ್ರೈವರ್ ತಂದು ಕಂಪ್ಯೂಟರಿನ ಡಬ್ಬಿ ಬಿಚ್ಚಿದಳು. ಬಗ್ಗಿ ಒಳಗೆ ಮೊಬೈಲಿನ ಬೆಳಕು ಬಿಟ್ಟಳು.

"ಆಂಟಿ, ಒಳಗೆ ಅಕ್ಕಿ ಇದೆ!"

ಅಕ್ಷತೆ. ಖಂಡೇನವಮಿಗೆ ಹೊಲಿಗೆ ಯಂತ್ರ, ಮಿಕ್ಸರ್, ಸ್ಕೂಟರ್‌ಗಳ ಜೊತೆ ನಾನು ಕಂಪ್ಯೂಟರಿಗೂ ವರ್ಷ ತಪ್ಪದೆ ಪೂಜೆ ಮಾಡುತ್ತೇನೆ. ಡಬ್ಬಿಯ ನೆತ್ತಿಯಲ್ಲಿ ಜಾಲರಿ. ನಾನು ಹಾಕಿದ್ದೆಲ್ಲ ಅದರೊಳಗಿಂದ ಇಳಿದು ಫ್ಯಾನಿನ ಸುತ್ತ ಕೂತಿತ್ತು. ಚೆಂಡುಹೂವಿನ ಒಣ ಎಸಳು, ಎಂದೋ ದಸರೆಯ ಒಂದು ಬನ್ನಿ ಎಲೆಯೂ ಇದ್ದವು.

"ಫ್ಯಾನ್ ತಿರುಗ್ತಾನೇ ಇಲ್ಲ, ಅದಕ್ಕೇ ಬಿಸಿಯಾಗಿ ಆಫ್ ಆಗ್ತಿದೆ. ಇನ್ನೊಂದು ವರ್ಷ ಬಿಟ್ಟಿದ್ರೆ ಚಿತ್ರಾನ್ನ ಆಗ್ತಿತ್ತು ಆಂಟಿ!"

ಅವರಿಬ್ಬರೂ ನಕ್ಕರು. ನಾನು ಒಳಗೆ ಹೋಗಿ ದೇವರ ಮುಂದೆ ಕುಳಿತೆ. ಹರಕೆಯಿಂದ ಕಾಲು ಹೋಯಿತು, ಪೂಜೆಯಿಂದ ಇದು ಕೆಟ್ಟಿತು. ನಿನಗಾಗಿ ಮಾಡಿದ್ದೆಲ್ಲ ನನ್ನ ಮಗಳ ಕಾಲಿಗೇ ಯಾಕೆ ಅಡ್ಡ ಬರುತ್ತದೆ ಎಂದು ಕೇಳಿದೆ. ಎದ್ದು ಬಂದು ಮಗಳ ಪಕ್ಕ ಕುಳಿತು, ಎರಡು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದೆ.

"ನೀ ಕಾಲಿಟ್ಟದ್ದಕ್ಕ ಅಲ್ಲವಾ. ಇದೂ ನಂದ ತಪ್ಪು, ಅವತ್ತು ಮೆಟ್ಟಲದಾಗೂ ನಂದ. ನೀ ಬ್ಯಾಡ ಅಂದಿದ್ದಿ."

ಅವಳು ಡಬ್ಬಿಯಿಂದ ಎತ್ತಿಕೊಂಡ ಕೆಲವು ಅಕ್ಷತೆಯ ಕಾಳುಗಳನ್ನು ಅಂಗೈಯಲ್ಲಿ ಬೆರಳಿಂದ ಸರಿಸುತ್ತಿದ್ದಳು.

"ಕಂಪ್ಯೂಟರ್ ಕೆಟ್ಟಿದ್ದಿಲ್ಲಲ್ಲವ್ವಾ," ಎಂದಳು. "ಬರೇ ಸಿಕ್ಕಿಹಾಕ್ಕೊಂಡಿತ್ತು."

ಎದುರು ಮನೆಯವಳು ಕಾಳು ಕಾಳು ಆರಿಸಿ, ಬ್ರಶ್ಶಿನಿಂದ ಧೂಳು ಕೊಡವಿ ಡಬ್ಬಿ ಮುಚ್ಚಿದಳು. ಅರ್ಧ ಗಂಟೆ ಆಡಿದರೂ ಅದು ಬಿಸಿಯಾಗಲಿಲ್ಲ. ಇನ್ನೊಂದೇ ಒಂದು ಭಾರ ಹೊರಬಹುದು, ಹುಲ್ಲು ಬೇಕೋ ನೆರಳು ಬೇಕೋ ಎಂದಳು. ಮಗಳು ನನ್ನ ಮುಖ ನೋಡಿ, ನೆರಳು ಹಚ್ಚಿದಳು. ಗುಡ್ಡದ ತುದಿಗೆ ಹೋದ ಹುಡುಗಿಯ ಕಾಲಡಿಯಲ್ಲಿ ಒಂದು ಕಪ್ಪು ಮಚ್ಚೆ ಅಂಟಿಕೊಂಡೇ ಹೋಯಿತು. ಅಂಚು ಚೂರುಚೂರಾಗಿತ್ತು, ಆದರೂ ನೆರಳೇ.

ಮರುದಿನ ಬೆಳಿಗ್ಗೆ ಅವಳು ತಾನೇ ವಾಕರ್ ಕೇಳಿ, ನಾಲ್ಕು ಹೆಜ್ಜೆ ಹಾಕಿದಳು. ಐದನೆಯದಕ್ಕೆ ನಾನೇ ಹೆದರಿ ಕೂಡಿಸಿದೆ.

ಈ ಸಲದ ಖಂಡೇನವಮಿಗೆ ಕಂಪ್ಯೂಟರಿಗೆ ಬೆರಳಿನಿಂದ ಕುಂಕುಮವಷ್ಟೇ ಹಚ್ಚಿದೆ. ಅಕ್ಷತೆ ಮುಷ್ಟಿಯಲ್ಲಿ ಉಳಿಯಿತು. ಎಲ್ಲಿ ಹಾಕಲಿ ಎಂದು ನಿಂತಿದ್ದೆ.

"ವಾಕರಿಗೆ ಹಾಕವ್ವಾ," ಎಂದಳು ಮಗಳು. "ಅದಕ್ಕ ಫ್ಯಾನಿಲ್ಲ."

ಹಾಕಿದೆ. ಅವಳು ಅದನ್ನು ಹಿಡಿದು ಎದ್ದಳು, ಕಾಳುಗಳು ನೆಲದ ಮೇಲೆ ಉದುರಿದವು. "ತಡಿ, ತಡಿ" ಎನ್ನುತ್ತ ನಾನು ಮೊಣಕಾಲೂರಿ, ಅವಳ ಪಾದದ ಮುಂದಿನ ಒಂದೊಂದು ಕಾಳನ್ನೂ ಆರಿಸತೊಡಗಿದೆ.