ಅಮಾವಾಸ್ಯೆಯ ದಿನ ಬದಲಿಸಿದ ಸರ್ಟಿಫಿಕೇಟ್

2024ರಲ್ಲಿ ನಾನು ಚಳ್ಳಕೆರೆಯ ಖಾಸಗಿ ವೇಬ್ರಿಡ್ಜ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ಉಸ್ತುವಾರಿಯಾಗಿದ್ದೆ. ಸರಕು ಲಾರಿಗಳನ್ನು ನಿಲ್ಲಿಸಿ ತೂಗುವ ಕಬ್ಬಿಣದ ಹಾಸನ್ನು ನೀವು ರಸ್ತೆ ಬದಿಯಲ್ಲಿ ನೋಡಿರುತ್ತೀರಿ. ನಮ್ಮ ಯಜಮಾನರಾದ ರುದ್ರಪ್ಪನವರಿಗೆ ಅಂಥವು ಎರಡಿದ್ದವು, ಚಳ್ಳಕೆರೆಯಲ್ಲೊಂದು, ಮೊಳಕಾಲ್ಮೂರಿನಲ್ಲೊಂದು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವರಲ್ಲಿ ಹಮಾಲಿಯಾಗಿ ಸೇರಿ, ಮೂಟೆ ಹೊರುತ್ತಲೇ ಕಂಪ್ಯೂಟರ್ ಕಲಿತೆ. ಯಾರೂ ಕೈಹಿಡಿದು ಕಲಿಸಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಎರಡೂ ಊರಿನ ತೂಕದ ವಿವರ ಕ್ಲೌಡ್‌ನಲ್ಲಿದ್ದ ಒಂದೇ ಡೇಟಾಬೇಸ್‌ಗೆ ಹೋಗುತ್ತಿತ್ತು. ಕ್ಲೌಡ್ ಎಂದರೆ ಬಾಡಿಗೆಗೆ ಪಡೆದ, ಎಲ್ಲೋ ದೂರದಲ್ಲಿರುವ ಕಂಪ್ಯೂಟರ್. ನಮ್ಮ ಯಂತ್ರ ಅದಕ್ಕೆ ತೂಕ ಒಪ್ಪಿಸುವ ಮುಂಚೆ ಅದರ ಗುರುತಿನ ಪತ್ರ ಕೇಳುತ್ತದೆ. ಅದೇ ಸರ್ಟಿಫಿಕೇಟ್. ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಅದಕ್ಕೆ ಬೆಲೆ. ನಮ್ಮದರ ಅವಧಿ ಆ ಆಗಸ್ಟ್‌ನಲ್ಲಿ ಮುಗಿಯುವುದಿತ್ತು. ಮೊದಲು ಎರಡೂ ಕಡೆಯ ಯಂತ್ರಗಳಿಗೆ ಹೊಸ ಸರ್ಟಿಫಿಕೇಟನ್ನು ಗುರುತಿಸುವ ಫೈಲ್ ಹಾಕಬೇಕು, ಆಮೇಲೆ ಡೇಟಾಬೇಸ್‌ನಲ್ಲಿ ಬದಲಿಸಬೇಕು. ಅಮಾವಾಸ್ಯೆಗೆ ವ್ಯಾಪಾರ ಕಡಿಮೆ ಎಂದು ನಾನು ಭೀಮನ ಅಮಾವಾಸ್ಯೆಯನ್ನೇ ಆರಿಸಿಕೊಂಡೆ.

ಬೆಳಿಗ್ಗೆ ಚಳ್ಳಕೆರೆಯ ಕೆಲಸ ಮುಗಿಸಿ ಮೊಳಕಾಲ್ಮೂರಿನ ಬಸ್ ಹತ್ತಿದೆ. ಅಲ್ಲಿನ ಆಪರೇಟರ್ ಓಬಳೇಶ ಒಬ್ಬನೇ ಇದ್ದ. ಅವನ ಯಂತ್ರಕ್ಕೂ ಫೈಲ್ ಹಾಕಿ, ಮಧ್ಯಾಹ್ನದ ಹೊತ್ತಿಗೆ ಡೇಟಾಬೇಸ್‌ನ ಸರ್ಟಿಫಿಕೇಟ್ ಬದಲಿಸಿದೆ. ಚಳ್ಳಕೆರೆಯಿಂದ ಫೋನ್ ಬಂತು, ಸರಿಯಾಗಿ ನಡೀತಿದೆ ಅಂತ. ಮೊಳಕಾಲ್ಮೂರಿನ ಪರದೆ ಮಾತ್ರ 'ಸಂಪರ್ಕ ಇಲ್ಲ' ಎಂದಿತು.

ಅಷ್ಟರಲ್ಲಿ ಎರಡಂತಸ್ತಿನ ಕುರಿ ಲಾರಿಯೊಂದು ಹಾಸಿನ ಮೇಲೆ ಬಂದು ನಿಂತಿತ್ತು. ದೇವಸಮುದ್ರದ ಕಡೆಯ ಬೋರಮ್ಮ ತನ್ನ ಹಿಂಡಿನ ಅರ್ಧವನ್ನು ತೂಕದ ಮೇಲೆ ಮಾರಿದ್ದಳು. ಖಾಲಿ ಲಾರಿಯ ತೂಕ ಬೆಳಿಗ್ಗೆಯೇ ದಾಖಲಾಗಿತ್ತು. ತುಂಬಿದ ತೂಕ ದಾಖಲಾಗದೆ ಮುಂದಿನ ಗೇಟು ಏಳುವುದಿಲ್ಲ. ಕಳವು ತಡೆಯಲು ನಾವೇ ಮಾಡಿದ ವ್ಯವಸ್ಥೆ. ಕೈಯಿಂದ ಎತ್ತುವ ಕೀಲಿ ಚಳ್ಳಕೆರೆಯಲ್ಲಿ ಯಜಮಾನರ ಬೀರುವಿನಲ್ಲಿತ್ತು. ಹಿಂದೆ ಹುಣಸೆಹಣ್ಣಿನ ಲಾರಿಯೊಂದು ಒತ್ತಿಕೊಂಡು ನಿಂತು, ಕೆಟ್ಟು, ಅಲ್ಲಾಡದಾಗಿತ್ತು. ಮುಂದೆ ಗೇಟು, ಹಿಂದೆ ಲಾರಿ, ನೆತ್ತಿಯ ಮೇಲೆ ಬಿಸಿಲು. ಒಂದಕ್ಕೊಂದು ಅಂಟಿ ನಿಂತ ಕುರಿಗಳು ಬಾಯಿ ತೆರೆದು ಏದುತ್ತಿದ್ದವು. ಗಾಜಿನ ಕ್ಯಾಬಿನ್ನಿನೊಳಗೆ ನನ್ನ ಅಂಗಿಯೂ ಬೆನ್ನಿಗೆ ಅಂಟಿತ್ತು.

ಫೈಲ್ ಮತ್ತೆ ಹಾಕಿದೆ. ಯಂತ್ರ ಆರಿಸಿ ಹಚ್ಚಿದೆ. ಅದೇ 'ಸಂಪರ್ಕ ಇಲ್ಲ'. ಒಮ್ಮೆ ಬದಲಿಸಿದ ಮೇಲೆ ಹಳೆಯ ಸರ್ಟಿಫಿಕೇಟಿಗೆ ಮರಳುವ ದಾರಿಯನ್ನು ಕ್ಲೌಡ್‌ನವರು ಕೊಟ್ಟಿರಲಿಲ್ಲ.

ಲಾರಿ ಸಿಕ್ಕಿಕೊಂಡ ಸುದ್ದಿ ತಿಳಿದು ರುದ್ರಪ್ಪನವರು ಫೋನ್ ಮಾಡಿದರು. "ಲೇ ತಿಪ್ಪೇಶಿ, ಆ ಚೆಕ್ಕಿಂಗು ಗಿಕ್ಕಿಂಗು ಕಿತ್ತಾಕು. ಮೊದ್ಲು ಲಾರಿ ಬಿಡು."

"ಕಿತ್ತಾಕಿದ್ರೆ ಯಾರ್ ಬೇಕಾದ್ರೂ ನಡುವೆ ಕುಂತು ತೂಕ ತಿದ್ದಬೋದ್ರಿ, ಯಜಮಾನ್ರೆ."

"ಹಂಗಾದ್ರೆ ನೀನೇ ಹೋಗಿ ಕುರಿಗೆ ಗಾಳಿ ಬೀಸ್ಲೇ!"

ಫೋನ್ ಇಟ್ಟರು. ಬೋರಮ್ಮ ಗಾಜಿಗೆ ಬಡಿದಳು. "ಏಮಪ್ಪಾ, ನಿನ್ ಡಬ್ಬ ಸತ್ತೋಯ್ತಾ? ನನ್ ಕುರಿ ಸಾಯೋ ಮುಂಚೆ ಹೇಳ್ಬಿಡು."

"ಇನ್ನೊಂದ್ ಸಲ ನೋಡ್ತೀನಿ ತಡಿಯವ್ವ."

"ಏನಾರ ನೋಡು. ಚೀಟಿ ಮೇಲಿನ ತಾರೀಕು ಮಾತ್ರ ನಿನ್ನೆ ದಿನದ್ದೇ ಇರ್ಲಿ. ಅಮಾಸೆ ದಿನ ಮಾರಿದೆ ಅಂತ ಬರದ್ರೆ ಮನೇಲಿ ಉಳಿದ ಕುರಿ ಬಾಳಲ್ಲ."

"ನಿನ್ನೆ ತಾರೀಕು ಹೆಂಗೆ ಬರ್ತೈತೆ?" ಎಂದು ನಾನು ಓಬಳೇಶನ ಕಡೆ ತಿರುಗಿದೆ. ಅವನು ಕುತ್ತಿಗೆ ಕೆರೆದುಕೊಂಡ.

"ಅಮಾಸೆ ಬಂದಾಗೆಲ್ಲ ಕಂಪ್ಯೂಟ್ರು ತಾರೀಕು ಒಂದಿನ ಹಿಂದಕ್ಕೆ ಇಡ್ತೀನಣ್ಣ. ಇಲ್ಲಾಂದ್ರೆ ಕುರಿ ಮಂದಿ ತೂಕಕ್ಕೇ ಬರಲ್ಲ."

ತೂಕದ ತಂತ್ರಾಂಶ ಪರದೆಯನ್ನೆಲ್ಲ ತುಂಬಿಕೊಂಡಿತ್ತು, ತಾರೀಕು ಕಾಣುತ್ತಿರಲಿಲ್ಲ. ಅದನ್ನು ಸರಿಸಿ ನೋಡಿದರೆ ಯಂತ್ರ ಇನ್ನೂ ನಿನ್ನೆಯಲ್ಲೇ ಕೂತಿತ್ತು. ಹೊಸ ಸರ್ಟಿಫಿಕೇಟ್ ಜಾರಿಯಾದದ್ದು ಅಂದಿನ ಮಧ್ಯಾಹ್ನ. ಯಂತ್ರದ ಪಾಲಿಗೆ ಅದು ಇನ್ನೂ ಹುಟ್ಟಿಯೇ ಇರಲಿಲ್ಲ.

ತಾರೀಕು ತಿದ್ದಿದರೆ ಕೆಲಸ ಮುಗಿಯುತ್ತಿತ್ತು. ಹೇಳಿದ ಕೂಡಲೇ ಬೋರಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮುಟ್ಬ್ಯಾಡ. ಅಮಾಸೆ ಚೀಟಿ ನಂಗೆ ಬ್ಯಾಡ."

"ಹಂಗಂದ್ರೆ ಲಾರಿ ಹೋಗಲ್ಲವ್ವ."

"ನಿನ್ ಡಬ್ಬಕ್ಕೆ ನೀನೇ ಬುದ್ಧಿ ಹೇಳು. ನಂಗ್ಯಾಕೆ ಹೇಳ್ತೀಯಾ?"

ಮೌಸ್ ನನ್ನ ಕೈಯಲ್ಲಿತ್ತು, ಒತ್ತಲು ಕೈ ಬರಲಿಲ್ಲ. ಕುರಿ ಅವಳದು, ಅವು ಸತ್ತರೆ ನಷ್ಟವೂ ಅವಳದು, ಉಳಿದ ಹಿಂಡಿಗೆ ಕೇಡಾದರೆ ಬರುವುದು ನನ್ನ ಹೆಸರು. ಆಗ ಡ್ರೈವರ್ ಕೂಗಿದ, "ಮ್ಯಾಲಿನ ಅಂತಸ್ತಿನಾಗೆ ಒಂದು ಕುರಿ ಬಿತ್ತು!" ಬೋರಮ್ಮ ಓಡಿ, ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಪಟ್ಟಿಗಳ ಸಂದಿಯಲ್ಲಿ ಕೈ ತೂರಿಸಿ ಬಿದ್ದ ಕುರಿಯ ತಲೆಯನ್ನು ಎತ್ತಿ ಹಿಡಿದಳು. ಉಳಿದ ಕುರಿಗಳು ಅವಳ ಕೈಯನ್ನೇ ತುಳಿಯುತ್ತಿದ್ದವು.

ಅಲ್ಲಿಂದಲೇ ಕೂಗಿದಳು, "ಹಾಕಪ್ಪಾ. ಅಮಾಸೆನೇ ಹಾಕು!"

ತಾರೀಕು ತಿದ್ದಿದೆ. ಸಂಪರ್ಕ ಬಂತು, ತೂಕ ದಾಖಲಾಯಿತು, ಗೇಟು ಎದ್ದಿತು. ಲಾರಿ ಬೇವಿನ ಮರದ ನೆರಳಿಗೆ ಹೋಯಿತು. ಕೊಡಗಟ್ಟಲೆ ನೀರು ಎರಚಿದ ಮೇಲೆ ಬಿದ್ದ ಕುರಿ ಮುಂಗಾಲೂರಿ ಎದ್ದಿತು.

ಚೀಟಿ ಹಿಡಿದು ಹೋದೆ. ಬೋರಮ್ಮ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಇವತ್ತು ನಾನು ಅದನ್ನ ಮುಟ್ಟಲ್ಲ. ನಿನ್ ತಾವೇ ಇರ್ಲಿ. ನಾಳೆ ಬರ್ತೀನಿ. ನಾಳೆ ಕೈಗೆ ತಗಂಡ್ರೆ ನಾಳೆ ಮಾರ್ದಂಗೆ."

ಆ ರಾತ್ರಿ ನಾನು ಮೊಳಕಾಲ್ಮೂರಿನಲ್ಲೇ ಉಳಿದೆ. ಮರುದಿನ ಬೋರಮ್ಮ ಬೆಳಗಿನ ಬಸ್ಸಿಗೆ ಬಂದು, ಚೀಟಿಯ ಮೇಲೆ ಕಣ್ಣು ಹಾಯಿಸದೆ ಮಡಚಿ ಸೆರಗಿಗೆ ಕಟ್ಟಿಕೊಂಡಳು. ಹಿಂಡು ಹೇಗಿದೆ ಎಂದು ಕೇಳಿದೆ. "ಮೇಯ್ತಾ ಐತೆ," ಎಂದಳು.

ಅಂದಿನಿಂದ ಮೊಳಕಾಲ್ಮೂರಿನಲ್ಲಿ ಯಂತ್ರದ ತಾರೀಕನ್ನು ಯಾರೂ ಮುಟ್ಟುವುದಿಲ್ಲ. ಅಮಾವಾಸ್ಯೆಯ ತೂಕಕ್ಕೆ ಚೀಟಿ ಮರುದಿನ ಕೊಡುತ್ತಾರೆ, ಪಾಡ್ಯದ ಬೆಳಿಗ್ಗೆ ಕ್ಯಾಬಿನ್ ಮುಂದೆ ಸಾಲು ನಿಲ್ಲುತ್ತದೆ. ನನ್ನ ಕೆಲಸದ ರೀತಿಯೂ ಬದಲಾಯಿತು. ಈಗ ಎಲ್ಲಿಗೆ ಹೋದರೂ ಮೌಸ್ ಹಿಡಿಯುವ ಮುಂಚೆ ಆಪರೇಟರ್ ಪಕ್ಕ ಸ್ಟೂಲ್ ಹಾಕಿಕೊಂಡು, ಒಂದು ಲಾರಿ ಒಳಬಂದು ಹೊರಹೋಗುವವರೆಗೆ ಸುಮ್ಮನೆ ನೋಡುತ್ತೇನೆ.